ತರಬೇತಿ ಕೊಟ್ಟಾಯ್ತು, ಹಾಲು ಸುಧಾರಿಸ್ತಾ? ತರಬೇತಿಯ ಫಲ ಅಳೆಯಲು ಒಂದು ಸಮಗ್ರ ಮಾರ್ಗದರ್ಶಿ

ತರಬೇತಿ ಮುಗಿದ ಸಂಜೆ ಹಂಚುವ ಫೀಡ್‌ಬ್ಯಾಕ್ ಹಾಳೆ ಎಲ್ಲರಿಗೂ ಗೊತ್ತು. ‘ತರಬೇತಿ ಹೇಗಿತ್ತು?’ ಅಂತ ಪ್ರಶ್ನೆ, ‘ಬಹಳ ಚೆನ್ನಾಗಿತ್ತು’ ಅಂತ ಟಿಕ್. ಬಸ್ಸಿಗೆ ಹೊತ್ತಾಗಿರುತ್ತದೆ, ಪಾಠ ಮಾಡಿದವರು ಎದುರಿಗೇ ನಿಂತಿರುತ್ತಾರೆ, ಮಧ್ಯಾಹ್ನದ ಊಟಕ್ಕೆ ಹೋಳಿಗೆ ಬೇರೆ ಹಾಕಿರುತ್ತಾರೆ. ಇನ್ನೇನು ಬರೆಯುತ್ತಾರೆ ಹೇಳಿ? ಆ ಹಾಳೆಗಳನ್ನು ಕೂಡಿಸಿ ‘ಹೆಚ್ಚಿನವರಿಗೆ ತೃಪ್ತಿಯಾಗಿದೆ’ ಅಂತ ವರದಿ ಕಳಿಸಿದರೆ ಮೌಲ್ಯಮಾಪನ ಮುಗಿಯಿತು ಅಂದುಕೊಳ್ಳುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ.

ತರಬೇತಿ ಕೊಟ್ಟದ್ದು ಒಂದು ಕೆಲಸ ಸುಧಾರಿಸಲಿ ಅಂತ. ಹಾಗಾದರೆ ಆ ಕೆಲಸ ನಡೆಯುವ ಜಾಗಕ್ಕೇ ಹೋಗಿ ನೋಡಬೇಕು. ಏನು ನೋಡಬೇಕು ಅನ್ನುವುದನ್ನು ತರಬೇತಿಗೆ ಮುಂಚೆಯೇ ಬರೆದಿಟ್ಟಿರಬೇಕು. ಈ ಬರಹದಲ್ಲಿ ನಾನು ಹೇಳುವುದೆಲ್ಲ ಈ ಎರಡು ಮಾತಿನ ವಿವರ ಅಷ್ಟೇ.

ಉದಾಹರಣೆಗೆ ಒಂದೇ ಒಂದು ತರಬೇತಿ ಹಿಡಿದುಕೊಳ್ಳುತ್ತೇನೆ: ಹಾಲು ಉತ್ಪಾದಕರ ಸಹಕಾರ ಸಂಘಗಳ ಸದಸ್ಯರಿಗೆ ಕೊಡುವ ಶುದ್ಧ ಹಾಲು ಉತ್ಪಾದನೆಯ ತರಬೇತಿ. ಕರ್ನಾಟಕದ ಹಳ್ಳಿಗಳಲ್ಲಿ ಡೈರಿ ಗೊತ್ತಿಲ್ಲದವರು ಕಡಿಮೆ. ಇನ್ನೊಂದು ಕಾರಣ, ಇಲ್ಲಿ ಫಲಿತಾಂಶವನ್ನು ಗಾಜಿನ ನಳಿಕೆಯಲ್ಲಿ ಕಣ್ಣಾರೆ ನೋಡಬಹುದು. ನಿಮ್ಮದು ಬ್ಯಾಂಕೋ, ಗಾರ್ಮೆಂಟ್ಸೋ, ಆಸ್ಪತ್ರೆಯೋ ಆಗಿದ್ದರೆ ಹಾಲಿನ ಜಾಗದಲ್ಲಿ ನಿಮ್ಮ ಕೆಲಸ ಇಟ್ಟುಕೊಂಡು ಓದಿ.

ಹೆಜ್ಜೆ 1: ಇದಕ್ಕೆ ತರಬೇತಿಯೇ ಮದ್ದಾ ಅಂತ ಕೇಳಿ

ಒಂದು ಊರಿನ ಹಾಲು ಪದೇ ಪದೇ ಒಡೆಯುತ್ತಿದೆ ಅಂತ ಇಟ್ಟುಕೊಳ್ಳಿ. ಒಕ್ಕೂಟದಿಂದ ತಕ್ಷಣ ಬರುವ ಮಾತು, ‘ಅಲ್ಲೊಂದು ತರಬೇತಿ ಮಾಡಿಸಿ.’ ಸ್ವಲ್ಪ ತಡೆಯಿರಿ. ಜನ ಸರಿಯಾಗಿ ಮಾಡದೇ ಇರುವುದಕ್ಕೆ ಕಾರಣ ಮೂರರಲ್ಲಿ ಒಂದು ಇರುತ್ತದೆ. ಹೇಗೆ ಮಾಡಬೇಕು ಅಂತ ಗೊತ್ತಿಲ್ಲ. ಗೊತ್ತು, ಆದರೆ ಅನುಕೂಲ ಇಲ್ಲ. ಗೊತ್ತು, ಅನುಕೂಲವೂ ಇದೆ, ಆದರೆ ಮಾಡಿದರೆ ಏನೂ ಲಾಭ ಇಲ್ಲ. ತರಬೇತಿ ವಾಸಿ ಮಾಡುವುದು ಮೊದಲನೆಯದನ್ನು ಮಾತ್ರ.

ಹಾಲಿನ ವಿಷಯದಲ್ಲಿ ಮೂರನೆಯದು ಬಲು ದೊಡ್ಡದು. ಸಾಮಾನ್ಯವಾಗಿ ದುಡ್ಡು ಕೊಡುವುದು ಫ್ಯಾಟು ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ನೋಡಿ, ಹಾಲಿನಲ್ಲಿ ಎಷ್ಟು ಬ್ಯಾಕ್ಟೀರಿಯಾ ಇದೆ ಅಂತ ನೋಡಿ ಅಲ್ಲ. ಬಿಸಿನೀರಲ್ಲಿ ಪಾತ್ರೆ ತೊಳೆದು, ಕೆಚ್ಚಲು ಒರೆಸಿ, ಸ್ಟೀಲ್ ಕ್ಯಾನಲ್ಲಿ ತಂದವರ ಹಾಲೂ, ಗಂಜಲದ ಕೈಯಲ್ಲೇ ಕರೆದು ಪ್ಲಾಸ್ಟಿಕ್ ಬಕೆಟ್ಟಲ್ಲಿ ತಂದವರ ಹಾಲೂ ಡೈರಿಯಲ್ಲಿ ಒಂದೇ ಕ್ಯಾನಿಗೆ ಬೀಳುತ್ತದೆ. ದರವೂ ಒಂದೇ. ಹೀಗಿರುವಾಗ ‘ಜನರಿಗೆ ಅರಿವಿಲ್ಲ’ ಅನ್ನುವುದು ಅರ್ಧ ಸುಳ್ಳು.

ಆದ್ದರಿಂದ ಮೊದಲು ಐದಾರು ಮನೆಗೆ ಹೋಗಿ ಸುಮ್ನೆ ಮಾತಾಡಿ. ‘ನಾಳೆ ಬೆಳಗ್ಗೆ ಸರಿಯಾಗಿ ಮಾಡಿ ತೋರಿಸಿದರೆ ಸಾವಿರ ರೂಪಾಯಿ ಕೊಡ್ತೀನಿ ಅಂದರೆ ಮಾಡ್ತೀರಾ?’ ಅಂತ ತಮಾಷೆಗೆ ಕೇಳಿ. ‘ಓ, ಈಗಲೇ ಮಾಡ್ತೀನಿ’ ಅಂದರೆ ಅವರಿಗೆ ಗೊತ್ತಿದೆ ಅಂತ ಅರ್ಥ. ಅಂಥವರಿಗೆ ಪಾಠ ಬೇಕಿಲ್ಲ, ಬೇರೇನೋ ಬೇಕು. ಇಷ್ಟನ್ನು ಮೊದಲೇ ಪತ್ತೆ ಮಾಡಿದರೆ ಎಷ್ಟೋ ತರಬೇತಿಗಳ ಖರ್ಚೇ ಉಳಿಯುತ್ತದೆ.

ಹೆಜ್ಜೆ 2: ಏಣಿಯನ್ನು ಮೇಲಿಂದ ಕೆಳಗೆ ಇಳಿಯಿರಿ

ಈ ಕ್ಷೇತ್ರದಲ್ಲಿ ಎಲ್ಲರೂ ಬಳಸುವ ಏಣಿ ಒಂದಿದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಶುರುಮಾಡಿದ ಲೇಖನಗಳ ಸರಣಿಯಲ್ಲಿ ತರಬೇತಿಯನ್ನು ನಾಲ್ಕು ಮಟ್ಟದಲ್ಲಿ ಅಳೆಯಿರಿ ಅಂದರು. ಬಂದವರಿಗೆ ಹೇಗನ್ನಿಸಿತು, ಏನು ಕಲಿತರು, ಕೆಲಸದಲ್ಲಿ ಏನು ಬದಲಾಯಿಸಿಕೊಂಡರು, ಕೊನೆಗೆ ಸಂಸ್ಥೆಗೆ ಏನು ಸಿಕ್ಕಿತು. ಜ್ಯಾಕ್ ಫಿಲಿಪ್ಸ್ ಆಮೇಲೆ ಇದಕ್ಕೆ ಐದನೆಯದಾಗಿ ಹಾಕಿದ ದುಡ್ಡಿನ ಲೆಕ್ಕ ಸೇರಿಸಿದರು. ಇದು ಎಚ್‌ಆರ್ ಓದಿದವರಿಗೆಲ್ಲ ಬಾಯಿಪಾಠ.

ತೊಂದರೆ ಏನಪ್ಪಾ ಅಂದರೆ, ಎಲ್ಲರೂ ಏಣಿಯ ಕೆಳಗಿನ ಮೆಟ್ಟಿಲಿಂದ ಹತ್ತಲು ಹೊರಡುತ್ತಾರೆ, ಎರಡನೇ ಮೆಟ್ಟಿಲಿಗೆ ಬರುವಷ್ಟರಲ್ಲಿ ಬಜೆಟ್ಟೂ ಉತ್ಸಾಹವೂ ಮುಗಿದಿರುತ್ತದೆ. ಯೋಜನೆ ಮಾಡುವಾಗ ಮೇಲಿಂದ ಇಳಿಯಬೇಕು. ನಮ್ಮ ಉದಾಹರಣೆಯಲ್ಲಿ ಹೀಗೆ:

ಮೇಲೆ: ಆರು ತಿಂಗಳಲ್ಲಿ ಊರಿನ ಹಾಲಿನ ಎಂಬಿಆರ್‌ಟಿ (ಬ್ಯಾಕ್ಟೀರಿಯಾ ಎಷ್ಟಿದೆ ಅಂತ ನೋಡುವ ಬಣ್ಣದ ಪರೀಕ್ಷೆ) ಸಮಯ ಏರಬೇಕು, ಒಡೆದು ವಾಪಸ್ ಬರುವ ಹಾಲು ಇಳಿಯಬೇಕು.
ಅದಕ್ಕಾಗಿ ಕೊಟ್ಟಿಗೆಯಲ್ಲಿ: ಕರೆಯುವ ಮುಂಚೆ ಕೆಚ್ಚಲು ತೊಳೆದು ಒಣಬಟ್ಟೆಯಲ್ಲಿ ಒರೆಸಬೇಕು, ಮೊದಲ ಕೆಲವು ಧಾರೆಗಳನ್ನು ಬೇರೆ ಬಟ್ಟಲಿಗೆ ಹಿಂಡಿ ನೋಡಬೇಕು, ಕರೆದ ಮೇಲೆ ಮೊಲೆತೊಟ್ಟನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಬೇಕು, ಹಾಲನ್ನು ಬೇಗ ಡೈರಿಗೆ ಮುಟ್ಟಿಸಬೇಕು.
ಅದಕ್ಕಾಗಿ ತಲೆಯಲ್ಲಿ: ಇದನ್ನೆಲ್ಲ ಯಾಕೆ, ಹೇಗೆ ಮಾಡುವುದು ಅಂತ ತಿಳಿದಿರಬೇಕು.

ಎಂಬಿಆರ್‌ಟಿ ಗೊತ್ತಿಲ್ಲದವರಿಗೆ ಒಂದೆರಡು ಮಾತು. ನಳಿಕೆಯಲ್ಲಿ 10 ಎಂಎಲ್ ಹಾಲಿಗೆ 1 ಎಂಎಲ್ ಮಿಥಿಲೀನ್ ಬ್ಲೂ ಬಣ್ಣ ಹಾಕಿ 37 ಡಿಗ್ರಿ ಬಿಸಿಯಲ್ಲಿ ಇಡುತ್ತಾರೆ. ಬ್ಯಾಕ್ಟೀರಿಯಾ ಹಾಲಿನಲ್ಲಿರುವ ಆಮ್ಲಜನಕವನ್ನು ಖರ್ಚು ಮಾಡುತ್ತಾ ಹೋದಂತೆ ನೀಲಿ ಬಣ್ಣ ಮಾಯವಾಗಿ ಹಾಲು ಬೆಳ್ಳಗಾಗುತ್ತದೆ. ಅರ್ಧ ಗಂಟೆಯಲ್ಲೇ ಬೆಳ್ಳಗಾದರೆ ಹಾಲು ಕೆಟ್ಟದ್ದು, ಐದು ಗಂಟೆಗಿಂತ ಜಾಸ್ತಿ ನೀಲಿ ನಿಂತರೆ ಬಹಳ ಒಳ್ಳೆಯದು. ಮೈಕ್ರೋಸ್ಕೋಪ್ ಬೇಡ, ದುಬಾರಿ ಯಂತ್ರ ಬೇಡ.

ಮೇಲಿನ ಸಾಲುಗಳಲ್ಲಿ ‘ಅರಿವು ಮೂಡಬೇಕು’, ‘ಮನೋಭಾವ ಬದಲಾಗಬೇಕು’ ಅನ್ನುವ ಮಾತು ಎಲ್ಲೂ ಇಲ್ಲ ಗಮನಿಸಿ. ಅಂಥ ಮಾತು ನಿಮ್ಮ ಹಾಳೆಯಲ್ಲಿದ್ದರೆ ಹೊಡೆದುಹಾಕಿ. ಕಣ್ಣಿಗೆ ಕಾಣದ್ದನ್ನು ಅಳೆಯಲು ಆಗುವುದಿಲ್ಲ.

ಹೆಜ್ಜೆ 3: ಮುಂಚಿನ ಸ್ಥಿತಿ ಬರೆದಿಡಿ

ತರಬೇತಿ ಆದ ಮೇಲೆ ನೆನಪಾಗುವುದು ಇದು, ಆಗ ಕಾಲ ಮಿಂಚಿರುತ್ತದೆ. ಹೊಸ ಸಮೀಕ್ಷೆ ಶುರು ಮಾಡುವ ಮುಂಚೆ ಈಗಾಗಲೇ ಇರುವ ದಾಖಲೆ ಹುಡುಕಿ. ಸಂಘದ ಕಾರ್ಯದರ್ಶಿ ಹತ್ತಿರ ದಿನದ ಹಾಲಿನ ಲೆಕ್ಕ ಇದೆ. ಒಕ್ಕೂಟದ ಹತ್ತಿರ ಯಾವ ದಿನ ಎಷ್ಟು ಹಾಲು ಹುಳಿ ಬಂದು ವಾಪಸ್ಸಾಯಿತು ಅನ್ನುವ ಲೆಕ್ಕ ಸಿಗುತ್ತದೆ. ಪಶುವೈದ್ಯರ ಪುಸ್ತಕದಲ್ಲಿ ಕೆಚ್ಚಲು ಬಾವಿನ ಕೇಸುಗಳು ಇರುತ್ತವೆ. ಇವೆಲ್ಲ ಬೇರೆ ಕಾರಣಕ್ಕೆ ಬರೆದ ದಾಖಲೆ. ನಿಮ್ಮ ತರಬೇತಿಯನ್ನು ಮೆಚ್ಚಿಸುವ ಹಂಗು ಇವಕ್ಕಿಲ್ಲ, ಅದಕ್ಕೇ ನಂಬಿಕೆ ಜಾಸ್ತಿ.

ಎಂಬಿಆರ್‌ಟಿಗೆ ಒಂದು ದಿನದ ಸ್ಯಾಂಪಲ್ ಸಾಲದು. ಅವತ್ತು ಮಳೆ ಬಂದಿರಬಹುದು, ಹಾಲಿನ ಗಾಡಿ ತಡವಾಗಿರಬಹುದು. ಎರಡು ಮೂರು ವಾರಗಳಲ್ಲಿ ಬೇರೆ ಬೇರೆ ದಿನ ಐದಾರು ಸಲ ತೆಗೆದು ಸರಾಸರಿ ಹಿಡಿಯಿರಿ. ಸ್ಯಾಂಪಲ್ಲನ್ನು ಬಿಎಂಸಿಗೆ, ಅಂದರೆ ಹಾಲು ತಂಪು ಮಾಡುವ ತೊಟ್ಟಿಗೆ, ಸುರಿಯುವ ಮುಂಚೆ ತೆಗೆಯಬೇಕು. ತಣ್ಣಗಾದ ಮೇಲೆ ತೆಗೆದರೆ ನೀವು ಅಳೆದದ್ದು ಜನ ಹೇಗೆ ಕರೆದರು ಅನ್ನುವುದನ್ನಷ್ಟೇ ಅಲ್ಲ, ಕರೆಂಟು ಇತ್ತಾ ಇಲ್ಲವಾ ಅನ್ನುವುದನ್ನೂ ಸೇರಿಸಿ. ಎರಡೂ ಸಲ ಒಂದೇ ಜಾಗ, ಒಂದೇ ಹೊತ್ತು. ಬೆಳಗಿನದ್ದಾದರೆ ಬೆಳಗಿನದ್ದೇ.

ಹೆಜ್ಜೆ 4: ಹೋಲಿಸಲು ಇನ್ನೊಂದು ಗುಂಪು ಇಟ್ಟುಕೊಳ್ಳಿ

ಇಡೀ ಕೆಲಸದಲ್ಲಿ ಜನ ತಪ್ಪಿಸಿಕೊಳ್ಳಲು ನೋಡುವುದು ಈ ಹೆಜ್ಜೆಯನ್ನೇ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಮೇ ತಿಂಗಳಲ್ಲಿ ತರಬೇತಿ ಕೊಟ್ಟಿರಿ, ಡಿಸೆಂಬರಿನಲ್ಲಿ ಅಳೆದಿರಿ, ಹಾಲು ಸುಧಾರಿಸಿದೆ. ಸಂತೋಷ. ಆದರೆ ಮೇ ತಿಂಗಳ ಸೆಕೆಯಲ್ಲಿ ಹಾಲು ಬೇಗ ಕೆಡುತ್ತದೆ, ಡಿಸೆಂಬರಿನ ಚಳಿಗೆ ತಡೆಯುತ್ತದೆ. ಇದಕ್ಕೆ ನಿಮ್ಮ ಪವರ್‌ಪಾಯಿಂಟ್ ಕಾರಣ ಅಲ್ಲ. ಹಾಗಾದರೆ ತರಬೇತಿಯ ಪಾಲು ಎಷ್ಟು? ತರಬೇತಿ ಆಗದ ಊರುಗಳಲ್ಲಿ ಅದೇ ಅವಧಿಯಲ್ಲಿ ಏನಾಯಿತು ಅಂತ ನೋಡಿದರೆ ಮಾತ್ರ ಗೊತ್ತಾಗುವುದು.

ಒಂದು ಲೆಕ್ಕ ಹಾಕೋಣ, ಅಂಕಿಗಳೆಲ್ಲ ನಾನು ಉದಾಹರಣೆಗೆ ಇಟ್ಟವು. ತರಬೇತಿ ಆದ 10 ಊರುಗಳಲ್ಲಿ ಎಂಬಿಆರ್‌ಟಿ ಸರಾಸರಿ 120 ನಿಮಿಷದಿಂದ 170ಕ್ಕೆ ಏರಿತು, ಅಂದರೆ 50 ನಿಮಿಷ ಜಾಸ್ತಿ. ಆಗದ 10 ಊರುಗಳಲ್ಲಿ 125ರಿಂದ 145ಕ್ಕೆ, ಅಂದರೆ 20 ನಿಮಿಷ. ಆ 20 ಚಳಿಗೆ, ಮಿಕ್ಕ 30 ನಿಮಿಷ ತರಬೇತಿಗೆ. ವರದಿಯಲ್ಲಿ 50 ಅಂತ ಬರೆದರೆ ನೋಡುವುದಕ್ಕೆ ಚಂದ, ಆದರೆ ಚಳಿಗಾಲದ ಪುಣ್ಯವನ್ನೂ ನಿಮ್ಮ ಖಾತೆಗೆ ಹಾಕಿಕೊಂಡ ಹಾಗಾಯಿತು.

‘ಕೆಲವರಿಗೆ ಕೊಟ್ಟು ಕೆಲವರಿಗೆ ಬಿಡುವುದು ಅನ್ಯಾಯ ಅಲ್ವಾ?’ ಅಂತ ಕೇಳುತ್ತಾರೆ. ಎಲ್ಲರಿಗೂ ಕೊಡಿ, ಆದರೆ ಒಟ್ಟಿಗೆ ಕೊಡಬೇಡಿ. ಹೇಗೂ ಇಪ್ಪತ್ತು ಊರಿಗೆ ಒಂದೇ ವಾರದಲ್ಲಿ ತರಬೇತಿ ಕೊಡುವಷ್ಟು ಜನ ನಿಮ್ಮಲ್ಲಿ ಇಲ್ಲ. ಊರುಗಳ ಹೆಸರು ಚೀಟಿಯಲ್ಲಿ ಬರೆದು ಎತ್ತಿ, ಹತ್ತು ಊರಿಗೆ ಈಗ, ಹತ್ತಕ್ಕೆ ಆರು ತಿಂಗಳ ನಂತರ. ಕಾಯುವ ಹತ್ತು ಊರೇ ನಿಮ್ಮ ಹೋಲಿಕೆಯ ಗುಂಪು. ಯಾರಿಗೂ ತಪ್ಪಿದ ಹಾಗಾಗಲಿಲ್ಲ.

ಚೀಟಿ ಎತ್ತುವುದು ಹಳ್ಳಿಯ ಉಪಾಯ ಅಂತ ನಗಬೇಡಿ. ಬೆಂಗಳೂರಿನ ಶಾಹಿ ಎಕ್ಸ್‌ಪೋರ್ಟ್ಸ್ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಮಹಿಳಾ ಕಾರ್ಮಿಕರಿಗೆ ಕೊಟ್ಟ ಪೇಸ್ ಎಂಬ ತರಬೇತಿಯನ್ನು ಅರ್ಥಶಾಸ್ತ್ರಜ್ಞರು ಪರೀಕ್ಷಿಸಿದ್ದು ಹೀಗೆಯೇ. ಮಾತುಕತೆ, ಸಮಯದ ಹೊಂದಾಣಿಕೆ, ಹಣದ ನಿರ್ವಹಣೆ ಇಂಥವನ್ನು ಕಲಿಸುವ ತರಬೇತಿ ಅದು. ಇಷ್ಟಪಟ್ಟು ಮುಂದೆ ಬಂದವರಲ್ಲೇ ಲಾಟರಿ ಎತ್ತಿ ಕೆಲವರಿಗೆ ಸೀಟು ಕೊಟ್ಟರು. ತರಬೇತಿ ಪಡೆದವರ ಕೆಲಸದ ವೇಗ ಹೆಚ್ಚಿತು. ಅವರ ಪಕ್ಕದಲ್ಲಿ ಅದೇ ಲೈನಿನಲ್ಲಿ ಕೂತ, ತರಬೇತಿ ಸಿಗದವರ ಕೆಲಸವೂ ಸ್ವಲ್ಪ ಸುಧಾರಿಸಿತು. ಇಲ್ಲೊಂದು ಎಚ್ಚರಿಕೆ ಇದೆ. ಕಲಿತದ್ದು ಪಕ್ಕದವರಿಗೆ ಹರಡುತ್ತದೆ. ಹಾಗಾಗಿ ಒಂದೇ ಊರಿನ ಅರ್ಧ ಜನಕ್ಕೆ ಕೊಟ್ಟು ಇನ್ನರ್ಧ ಜನರ ಜೊತೆ ಹೋಲಿಸಿದರೆ ವ್ಯತ್ಯಾಸ ಮಸುಕಾಗುತ್ತದೆ. ಊರಿಗೆ ಊರನ್ನೇ ಹೋಲಿಸಿ.

ಮತ್ತೊಂದು ಮೋಸದ ಜಾಗ: ‘ಕಳೆದ ತಿಂಗಳು ಅತಿ ಕೆಟ್ಟ ಹಾಲು ಬಂದ ಹತ್ತು ಊರಿಗೆ ಮೊದಲು ತರಬೇತಿ.’ ಕೇಳಲು ನ್ಯಾಯವಾಗಿದೆ. ಆದರೆ ಒಂದು ತಿಂಗಳು ತೀರಾ ಕೆಟ್ಟಿದ್ದ ಊರು ಮುಂದಿನ ತಿಂಗಳು ತನ್ನಷ್ಟಕ್ಕೇ ಸ್ವಲ್ಪ ಸುಧಾರಿಸುವುದೇ ಹೆಚ್ಚು, ಯಾಕೆಂದರೆ ಆ ತಿಂಗಳ ಕೆಟ್ಟದ್ದರಲ್ಲಿ ಒಂದು ಪಾಲು ಬರೀ ಗ್ರಹಚಾರ. ಕೆಟ್ಟ ಊರುಗಳಿಗೇ ಕೊಡಬೇಕೆಂದಿದ್ದರೆ ಅತಿ ಕೆಟ್ಟ ಇಪ್ಪತ್ತು ಊರು ಆರಿಸಿ, ಅವುಗಳೊಳಗೆ ಚೀಟಿ ಎತ್ತಿ.

ಹೆಜ್ಜೆ 5: ಸಂಜೆಯ ಹಾಳೆಯನ್ನು ಸಣ್ಣದು ಮಾಡಿ

ಫೀಡ್‌ಬ್ಯಾಕ್ ಬೇಡವೇ ಬೇಡ ಅಂತ ಹೇಳುತ್ತಿಲ್ಲ. ಮೈಕು ಕೇಳಿಸಲಿಲ್ಲ, ಭಾಷೆ ಅರ್ಥವಾಗಲಿಲ್ಲ, ಹಾಲು ಕರೆಯುವ ಹೊತ್ತಿಗೆ ಮನೆ ಮುಟ್ಟಲಾಗಲಿಲ್ಲ, ಇಂಥದ್ದು ತಿಳಿಯಲು ಅದು ಬೇಕು. ಪ್ರಶ್ನೆ ಮಾತ್ರ ಬದಲಿಸಿ. ‘ತರಬೇತಿ ಉಪಯುಕ್ತವಾಗಿತ್ತೇ?’ ಬಿಟ್ಟು, ‘ನಾಳೆ ಬೆಳಗ್ಗೆ ಕೊಟ್ಟಿಗೆಯಲ್ಲಿ ಏನನ್ನು ಬೇರೆ ಥರ ಮಾಡುತ್ತೀರಿ?’ ಅಂತ ಕೇಳಿ. ‘ಅದಕ್ಕೆ ಅಡ್ಡ ಬರುವುದು ಏನು?’ ಅಂತ ಕೇಳಿ. ಎರಡನೇ ಪ್ರಶ್ನೆಗೆ ಬರುವ ಉತ್ತರಗಳು ಚಿನ್ನ. ‘ಅಯೋಡಿನ್ ಎಲ್ಲಿ ಸಿಗುತ್ತೆ?’ ಅಂತ ಹತ್ತು ಜನ ಬರೆದರೆ ಏನು ಮಾಡಬೇಕು ಅಂತ ನಿಮಗೆ ಆ ಸಂಜೆಯೇ ಗೊತ್ತಾಯಿತು.

ಬರೆಯಲು ಬಾರದವರನ್ನು ಬಿಟ್ಟುಬಿಡಬೇಡಿ, ಅವರ ಪರವಾಗಿ ಪಕ್ಕದವರು ಟಿಕ್ ಹಾಕುವುದೂ ಬೇಡ. ಪಾಠ ಮಾಡಿದವರು ಆಚೆ ಹೋಗಲಿ, ಬೇರೆ ಯಾರಾದರೂ ಕೂತು ಬಾಯಿಮಾತಲ್ಲಿ ಕೇಳಿ ಬರೆದುಕೊಳ್ಳಲಿ.

ಹೆಜ್ಜೆ 6: ಕಲಿತಿದ್ದಾರಾ ಅಂತ ಕೈಯಿಂದ ಮಾಡಿಸಿ ನೋಡಿ

ತರಬೇತಿಗೆ ಮುಂಚೆ ಒಂದು ಸಲ, ಆದ ಮೇಲೆ ಒಂದು ಸಲ ಅದೇ ಪರೀಕ್ಷೆ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ‘ಹಾಲು ಕರೆಯುವ ಮುಂಚೆ ಕೈ ತೊಳೆಯಬೇಕೇ? ಹೌದು / ಇಲ್ಲ’ ಅನ್ನುವುದು ಪ್ರಶ್ನೆಯೇ ಅಲ್ಲ, ಹಸುವನ್ನು ನೋಡದ ಮಗುವೂ ಹೌದು ಅನ್ನುತ್ತದೆ. ‘ಹಾಲು ಕರೆದ ತಕ್ಷಣ ಹಸುವಿಗೆ ಮೇವು ಹಾಕಿ ಅರ್ಧ ಗಂಟೆ ನಿಲ್ಲಿಸಿಕೊಳ್ಳಿ ಅನ್ನುತ್ತಾರಲ್ಲ, ಯಾಕೆ?’ ಅಂತ ಕೇಳಿ. ಕರೆದ ಮೇಲೆ ಸ್ವಲ್ಪ ಹೊತ್ತು ಮೊಲೆತೊಟ್ಟಿನ ತುದಿ ತೆರೆದೇ ಇರುತ್ತದೆ, ಆಗ ಸಗಣಿಯ ಮೇಲೆ ಮಲಗಿದರೆ ಸೋಂಕು ಒಳಗೆ ಹೋಗುತ್ತದೆ ಅಂತ ಹೇಳಿದವರಿಗೆ ಪಾಠ ಹತ್ತಿದೆ.

ಬಾಯಲ್ಲಿ ಹೇಳುವುದೂ ಸಾಲದು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಅನ್ನುವ ಮಾತು ಇದಕ್ಕೇ ಹೇಳಿದ ಹಾಗಿದೆ. ಸಾಧ್ಯವಾದರೆ ಒಂದು ಹಸು ತಂದು ನಿಲ್ಲಿಸಿ. ಪೂರ್ತಿ ಮುಷ್ಟಿಯಲ್ಲಿ ಕರೆಯುತ್ತಾರಾ, ಇಲ್ಲ ಹೆಬ್ಬೆರಳು ಮಡಿಸಿ ಎಳೆಯುತ್ತಾರಾ ನೋಡಿ. ಹೆಬ್ಬೆರಳು ಮಡಿಸುವುದು ವರ್ಷಗಟ್ಟಲೆಯ ಅಭ್ಯಾಸ, ತೊಟ್ಟಿಗೆ ಪೆಟ್ಟಾಗುತ್ತದೆ ಅಂತ ಗೊತ್ತಿದ್ದವರ ಕೈಯೂ ಎರಡು ನಿಮಿಷಕ್ಕೆ ತಾನಾಗಿ ಹಾಗೇ ಮಡಿಸಿಕೊಳ್ಳುತ್ತದೆ. ತಳ ಕಪ್ಪಾಗಿರುವ ಬಟ್ಟಲಿಗೆ ಮೊದಲ ಧಾರೆ ಹಿಂಡಿಸಿ, ಹಾಲು ಗರಣೆಗಟ್ಟಿದೆಯಾ ಇಲ್ಲವಾ ಹೇಳಿಸಿ.

ಕಚೇರಿಯ ತರಬೇತಿಯಾದರೂ ಇದೇ ಸರಿ. ಎಕ್ಸೆಲ್ ಕಲಿಸಿದ್ದರೆ ಕ್ವಿಜ್ ಬೇಡ, ಒಂದು ಕೊಳಕು ಫೈಲು ಕೊಟ್ಟು ಸರಿಮಾಡಿ ಅನ್ನಿ.

ಇನ್ನೊಂದು ವಿಷಯ. ಅವತ್ತು ಸಂಜೆಯ ಅಂಕ ನೋಡಿ ಹಿಗ್ಗಬೇಡಿ. ಕಲಿತದ್ದು ಮೊದಲ ದಿನಗಳಲ್ಲೇ ಬಹಳ ಬೇಗ ಮರೆಯುತ್ತದೆ ಅಂತ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆ ತಾನೇ ಪ್ರಯೋಗ ಮಾಡಿ 1885ರಲ್ಲೇ ತೋರಿಸಿದ್ದ. ಮೂರು ನಾಲ್ಕು ವಾರ ಬಿಟ್ಟು ಫೋನ್ ಮಾಡಿ ಪರೀಕ್ಷೆಯ ಅವೇ ಒಂದೆರಡು ಪ್ರಶ್ನೆ ಕೇಳಿ, ಆ ಅಂಕವೇ ನಿಜವಾದ ಅಂಕ.

ಹೆಜ್ಜೆ 7: ಕೊಟ್ಟಿಗೆಗೆ ಹೋಗಿ

ಎರಡು ತಿಂಗಳಾದ ಮೇಲೆ. ಬೆಳಗ್ಗೆ ಹಾಲು ಕರೆಯುವ ಹೊತ್ತಿಗೆ ಅಲ್ಲಿರಬೇಕು, ಅಂದರೆ ಐದೂವರೆಗೆಲ್ಲ ಊರಲ್ಲಿರಬೇಕು. ಹತ್ತು ಗಂಟೆಗೆ ಜೀಪಲ್ಲಿ ಹೋಗಿ ‘ಮಾಡ್ತಿದ್ದೀರಾ?’ ಅಂದರೆ ‘ಮಾಡ್ತಿದ್ದೀವಿ ಸಾರ್’ ಅನ್ನುವುದು ಬಿಟ್ಟು ಬೇರೆ ಉತ್ತರ ಬರುವುದಿಲ್ಲ.

ಹೋದಾಗ ಮೊದಲು ಕಾಣುವುದು ಏನು ಗೊತ್ತಾ? ಎಷ್ಟೋ ಮನೆಗಳಲ್ಲಿ ತರಬೇತಿಗೆ ಬಂದವರೇ ಬೇರೆ, ಹಾಲು ಕರೆಯುವವರೇ ಬೇರೆ. ಸಂಘದ ಸದಸ್ಯತ್ವ ಯಜಮಾನರ ಹೆಸರಲ್ಲಿ, ಹಾಗಾಗಿ ಬ್ಯಾಗು, ಪುಸ್ತಕ, ಊಟ ಅವರಿಗೆ. ಕೊಟ್ಟಿಗೆಯಲ್ಲಿ ಕೂತಿರುವುದು ಮನೆಯಾಕೆ, ಅಥವಾ ಅತ್ತೆ. ‘ಏನಮ್ಮಾ, ನಿಮ್ಮ ಯಜಮಾನರು ಬಂದು ಹೇಳಲಿಲ್ವಾ?’ ಅಂದರೆ ‘ಅವ್ರು ಏನ್ ಹೇಳ್ತಾರೆ ಬಿಡಿ ಸಾರ್’ ಅಂತ ನಗುತ್ತಾರೆ. ಪಾಠ ಚೆನ್ನಾಗಿತ್ತು, ತಪ್ಪು ಕಿವಿಗೆ ಬಿತ್ತು. ಫೀಡ್‌ಬ್ಯಾಕ್ ಹಾಳೆಯಾಗಲೀ ಪರೀಕ್ಷೆಯ ಅಂಕವಾಗಲೀ ಇದನ್ನು ಎಂದೂ ತೋರಿಸುವುದಿಲ್ಲ. ನನ್ನ ಮಟ್ಟಿಗೆ ಈ ಒಂದು ಸಂಗತಿಗೋಸ್ಕರವೇ ಬೆಳಗಿನ ಭೇಟಿ ತಪ್ಪಿಸಬಾರದು.

ಎಲ್ಲರ ಮನೆಗೂ ಹೋಗಬೇಕಿಲ್ಲ. ಹಾಜರಾತಿ ಪಟ್ಟಿಯಿಂದ ಚೀಟಿ ಎತ್ತಿ ಇಪ್ಪತ್ತು ಮನೆ ಆರಿಸಿ. ಕಾರ್ಯದರ್ಶಿ ‘ನಾನು ತೋರಿಸ್ತೀನಿ ಬನ್ನಿ’ ಅಂದರೆ ಕಾಫಿ ಕುಡಿದು ನಮಸ್ಕಾರ ಹೇಳಿ, ಅವರು ತೋರಿಸುವುದು ಊರಿನ ಅತ್ಯುತ್ತಮ ಮೂರು ಕೊಟ್ಟಿಗೆ. ಕಾಯುವ ಹತ್ತು ಊರುಗಳಲ್ಲೂ ಅಷ್ಟೇ ಮನೆ ನೋಡಿ.

ನೋಡುವ ಪಟ್ಟಿ ಹತ್ತು ಸಾಲಿನ ಒಳಗಿರಲಿ, ಪ್ರತಿ ಸಾಲಿಗೂ ಹೌದು ಅಥವಾ ಇಲ್ಲ ಅನ್ನುವ ಉತ್ತರ ಸಾಕು. ‘ಸ್ವಚ್ಛತೆ: ಉತ್ತಮ, ಮಧ್ಯಮ, ಸಾಧಾರಣ’ ಅಂತ ಬರೆದರೆ ಇಬ್ಬರು ಇಬ್ಬಗೆ ತುಂಬುತ್ತಾರೆ. ‘ಕೆಚ್ಚಲು ಒರೆಸಿದ ಬಟ್ಟೆ ಒಣಗಿತ್ತೇ?’ ಅಂದರೆ ಜಗಳ ಇಲ್ಲ. ಶುರುವಿನ ಮೂರು ನಾಲ್ಕು ಮನೆಗೆ ಇಬ್ಬರು ಒಟ್ಟಿಗೆ ಹೋಗಿ ಬೇರೆ ಬೇರೆ ತುಂಬಿ. ಉತ್ತರ ಕೂಡದಿದ್ದರೆ ಪ್ರಶ್ನೆ ತಿದ್ದಿ.

ನೀವು ನೋಡುತ್ತಿದ್ದೀರಿ ಅಂತ ಜನ ಅವತ್ತು ಚೆನ್ನಾಗಿಯೇ ಮಾಡುತ್ತಾರೆ, ಅದು ಸಹಜ. ಅದಕ್ಕೆ ಮನುಷ್ಯರಿಗಿಂತ ವಸ್ತುಗಳನ್ನು ಜಾಸ್ತಿ ನೋಡಿ. ತರಬೇತಿಯಲ್ಲಿ ಕೊಟ್ಟ ಅಯೋಡಿನ್ ಬಾಟಲಿಯ ಸೀಲ್ ಒಡೆದಿದೆಯಾ? ದ್ರಾವಣ ಎಷ್ಟು ಇಳಿದಿದೆ? ತೊಟ್ಟು ಅದ್ದುವ ಬಟ್ಟಲಲ್ಲಿ ಕಂದು ಕಲೆ ಇದೆಯಾ, ಇಲ್ಲ ಅದರಲ್ಲಿ ಮೊಳೆ, ಸೂಜಿದಾರ ಇಟ್ಟಿದ್ದಾರಾ? ಹಾಲಿನ ಪಾತ್ರೆ ಬೋರಲು ಹಾಕಿ ಒಣಗಿಸಿದ್ದಾರಾ? ಬಟ್ಟಲು, ಬಾಟಲಿ ನಿಮ್ಮನ್ನು ಮೆಚ್ಚಿಸಲು ಸುಳ್ಳು ಹೇಳುವುದಿಲ್ಲ.

ಮಾಡದೇ ಇದ್ದವರನ್ನು ಬೈಯಬೇಡಿ, ಕೇಳಿ. ‘ಬಿಸಿನೀರು ಕಾಯಿಸಲು ಸೌದೆ ಎಲ್ಲಿ?’ ‘ಆ ಹೊತ್ತಿಗೆ ಮಕ್ಕಳ ಸ್ಕೂಲಿಗೆ ಡಬ್ಬಿ ಕಟ್ಟಬೇಕು.’ ‘ಬಾಟಲಿ ಮುಗೀತು, ಡೈರೀಲಿ ಸ್ಟಾಕ್ ಇಲ್ಲ ಅಂದ್ರು.’ ಇವನ್ನು ಅವರ ಮಾತಲ್ಲೇ ಬರೆದುಕೊಳ್ಳಿ. ವರದಿಯಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬರುವುದು ಈ ಸಾಲುಗಳು.

ಹೆಜ್ಜೆ 8: ಫಲಿತಾಂಶ ಅಳೆಯಿರಿ, ಅಳತೆಯ ಮೇಲೂ ಒಂದು ಕಣ್ಣಿಡಿ

ಆರು ತಿಂಗಳಿಗೆ ಮತ್ತೆ ಎಂಬಿಆರ್‌ಟಿ, ಮತ್ತೆ ಹುಳಿ ಹಾಲಿನ ಲೆಕ್ಕ. ಇಲ್ಲಿ ಎರಡು ಗುಂಡಿಗಳಿವೆ.

ಮೊದಲನೆಯದು, ಕ್ಯಾನಿನ ಹಾಲು ಊರಿನದ್ದು, ಒಬ್ಬರದ್ದಲ್ಲ. 120 ಮನೆಯವರು ಹಾಲು ಹಾಕುವ ಊರಲ್ಲಿ 30 ಜನಕ್ಕೆ ತರಬೇತಿ ಕೊಟ್ಟರೆ, ಆ 30 ಜನ ಅಚ್ಚುಕಟ್ಟಾಗಿ ಮಾಡಿದರೂ ಮಿಕ್ಕ 90 ಮನೆಯ ಹಾಲು ಅದರ ಮೇಲೆ ಬೀಳುತ್ತದೆ. ಕ್ಯಾನಿನ ಅಂಕಿ ಅಲ್ಲಾಡುವುದಿಲ್ಲ. ಅದನ್ನು ನೋಡಿ ‘ತರಬೇತಿ ದಂಡ’ ಅಂತ ತೀರ್ಮಾನಿಸಿದರೆ ತಪ್ಪು. ಒಂದೋ ಊರಿನ ಬಹುಪಾಲು ಮನೆಗೆ ತರಬೇತಿ ಮುಟ್ಟಿಸಿ ಕ್ಯಾನನ್ನು ಅಳೆಯಿರಿ, ಇಲ್ಲ ತರಬೇತಿ ಆದವರ ಹಾಲನ್ನು ಕ್ಯಾನಿಗೆ ಸುರಿಯುವ ಮುಂಚೆ ಬೇರೆಯಾಗಿ ಸ್ಯಾಂಪಲ್ ತೆಗೆಯಿರಿ.

ಎರಡನೆಯದು, ಅಂಕಿ ತಪ್ಪು ದಾರಿಯಿಂದಲೂ ಏರಬಹುದು. ಹಸುವಿಗೆ ಆ್ಯಂಟಿಬಯೋಟಿಕ್ ಕೊಟ್ಟು ಅದರ ಹಾಲನ್ನು ಡೈರಿಗೆ ಹಾಕಿದರೆ ಬ್ಯಾಕ್ಟೀರಿಯಾ ಬೆಳೆಯದೆ ನೀಲಿ ಬಣ್ಣ ಬಹಳ ಹೊತ್ತು ನಿಲ್ಲುತ್ತದೆ. ಕೆಡದಂತೆ ಏನಾದರೂ ಬೆರೆಸಿದರೂ ಅಷ್ಟೇ. ನಳಿಕೆ ನೋಡಿ ‘ಆಹಾ’ ಅನ್ನಿಸುತ್ತದೆ, ಹಾಲು ಮಾತ್ರ ಕುಡಿಯಲು ಲಾಯಕ್ಕಲ್ಲ. ಎಂಬಿಆರ್‌ಟಿ ಒಂದೇ ಊರಲ್ಲಿ ಹಠಾತ್ತಾಗಿ ಜಿಗಿದರೆ ಖುಷಿಪಡುವ ಮುಂಚೆ ಕೊಟ್ಟಿಗೆಯ ಪಟ್ಟಿ ತೆಗೆದು ನೋಡಿ. ಅಲ್ಲಿ ಏನೂ ಬದಲಾಗದೆ ಇಲ್ಲಿ ಮಾತ್ರ ಸುಧಾರಿಸಿದ್ದರೆ ಏನೋ ಎಡವಟ್ಟಿದೆ. ನಡುವಿನ ಹೆಜ್ಜೆಗಳನ್ನು ಅಳೆಯುವುದರ ದೊಡ್ಡ ಲಾಭ ಇದೇ.

ಹೆಜ್ಜೆ 9: ದುಡ್ಡಿನ ಲೆಕ್ಕ

ಎಲ್ಲ ತರಬೇತಿಗೂ ಇದು ಬೇಕಿಲ್ಲ. ದೊಡ್ಡ ಮೊತ್ತದ್ದಾದರೆ, ಮತ್ತೆ ಮತ್ತೆ ಮಾಡುವಂಥದ್ದಾದರೆ ಮಾಡಿ. ಮತ್ತೆ ಉದಾಹರಣೆಯ ಅಂಕಿ: 40 ಜನರ ಒಂದು ದಿನದ ತರಬೇತಿ. ತರಬೇತುದಾರರ ಪ್ರಯಾಣ, ಸಂಭಾವನೆ 4,000. ಊಟ, ಕಾಫಿ 4,000. ಬಟ್ಟಲು, ಬಾಟಲಿ, ಪುಸ್ತಕ 6,000. ಸಿಬ್ಬಂದಿಯ ಸಮಯ 3,000. ಒಟ್ಟು 17,000 ಅಂತ ಬಿಲ್ಲು ಮುಗಿಯುತ್ತದೆ. ಆದರೆ ಬಂದ 40 ಜನ ಒಂದು ದಿನದ ಕೆಲಸ ಬಿಟ್ಟು ಬಂದರಲ್ಲ? ಕೂಲಿ 400ರಂತೆ ಹಿಡಿದರೂ 16,000. ನಿಜವಾದ ಖರ್ಚು 33,000, ಅದರ ಹತ್ತಿರಹತ್ತಿರ ಅರ್ಧ ಯಾರ ಬಜೆಟ್ಟಿನಲ್ಲೂ ಇಲ್ಲ.

ಲಾಭದ ಕಡೆ, ಹೋಲಿಕೆಯ ಗುಂಪನ್ನು ಕಳೆದ ಮೇಲೆ ತಿಂಗಳಿಗೆ 45 ಲೀಟರ್ ಹಾಲು ಒಡೆಯದೆ ಉಳಿಯಿತು ಅನ್ನಿ. ಲೀಟರಿಗೆ 35 ರೂಪಾಯಿಯಂತೆ ವರ್ಷಕ್ಕೆ 18,900. ಕೆಚ್ಚಲು ಬಾವು ವರ್ಷಕ್ಕೆ 8 ಕಡಿಮೆ, ಔಷಧಿ ಮತ್ತು ಕಳೆದ ಹಾಲು ಸೇರಿ ಒಂದಕ್ಕೆ 3,000ದಂತೆ 24,000. ಒಟ್ಟು 42,900. ಖರ್ಚು ಕಳೆದರೆ 9,900 ಉಳಿಯಿತು, ಅಂದರೆ ಹಾಕಿದ ದುಡ್ಡಿನ ಮೇಲೆ ಶೇ. 30.

ಈ ಶೇ. 30ರ ಜೊತೆಗೇ ಇನ್ನೊಂದು ಪ್ರಶ್ನೆ ಕೇಳಿ: ಖರ್ಚು ಯಾರದ್ದು, ಲಾಭ ಯಾರದ್ದು? ಹಸುವಿನ ಖಾಯಿಲೆ ತಪ್ಪಿದ ಲಾಭ ಹಾಲು ಹಾಕುವವರಿಗೆ. ಒಡೆಯದ ಹಾಲಿನ ಲಾಭ ಇಡೀ ಸಂಘಕ್ಕೆ ಹಂಚಿಹೋಗುತ್ತದೆ, ಕಷ್ಟಪಟ್ಟು ಬಿಸಿನೀರು ಕಾಯಿಸಿದಾಕೆಗೆ ಬೇರೆಯಾಗಿ ಏನೂ ಇಲ್ಲ. ಹಾಗಾಗಿ ತರಬೇತಿಯಲ್ಲಿ ಕೆಚ್ಚಲು ಬಾವಿನ ವಿಷಯವನ್ನೇ ಮುಂದೆ ಇಡಬೇಕು ಅನ್ನುವುದು ನನ್ನ ಅಭಿಪ್ರಾಯ. ಗ್ರಾಹಕರ ಆರೋಗ್ಯದ ಮಾತಿಗಿಂತ ‘ನಿಮ್ಮ ಹಸುವಿನ ಒಂದು ತೊಟ್ಟು ಬತ್ತಿಹೋಗುತ್ತೆ’ ಅನ್ನುವ ಮಾತು ಬೇಗ ನಾಟುತ್ತದೆ.

ಹೆಜ್ಜೆ 10: ಅಂಚಿನಲ್ಲಿರುವವರ ಜೊತೆ ಮಾತಾಡಿ

ಸರಾಸರಿ ಅಂಕಿ ಒಂದು ಕಥೆ ಹೇಳುತ್ತದೆ, ಅದರ ಒಳಗೆ ಹತ್ತು ಕಥೆ ಇರುತ್ತವೆ. ರಾಬರ್ಟ್ ಬ್ರಿಂಕರ್‌ಹಾಫ್ ಎಂಬವರು ಹೇಳಿದ ಒಂದು ಸುಲಭ ವಿಧಾನ ಇದೆ. ಅತಿ ಚೆನ್ನಾಗಿ ಅಳವಡಿಸಿಕೊಂಡ ನಾಲ್ಕೈದು ಜನ, ಏನೂ ಮಾಡದ ನಾಲ್ಕೈದು ಜನ, ಇವರನ್ನು ಮಾತ್ರ ಆರಿಸಿ ಕೂತು ಮಾತಾಡುವುದು. ‘ನಿಮಗೆ ಇದು ಹೇಗೆ ಸಾಧ್ಯವಾಯಿತು?’ ಅಂತ ಕೇಳಿದಾಗ ತರಬೇತಿಯ ವಿಷಯ ಕಮ್ಮಿ ಬರುತ್ತದೆ. ಗಂಡ ಹೆಂಡತಿ ಇಬ್ಬರೂ ತರಬೇತಿಗೆ ಹೋಗಿದ್ದರು, ಹಾಲು ಪರೀಕ್ಷಕರು ಪಕ್ಕದ ಮನೆಯವರು, ಹಿಂದಿನ ವರ್ಷ ಒಂದು ಹಸು ಕೆಚ್ಚಲು ಬಾವಿನಿಂದ ಹೋಗಿತ್ತು, ಇಂಥವು. ಮುಂದಿನ ಬ್ಯಾಚಿಗೆ ಯಾರನ್ನು ಕರೆಯಬೇಕು, ಹೇಗೆ ಕರೆಯಬೇಕು ಅನ್ನುವುದು ಇದರಿಂದ ತಿಳಿಯುತ್ತದೆ.

ಹೆಜ್ಜೆ 11: ವರದಿ ಬರೆಯುವುದು, ಮತ್ತೆ ಒಂದು ವರ್ಷಕ್ಕೆ ಹೋಗಿ ನೋಡುವುದು

ವರದಿ ಎರಡು ಪುಟ ದಾಟದಿರಲಿ. ಮೊದಲ ಸಾಲಲ್ಲೇ ಉತ್ತರ: ಬದಲಾಯಿತು, ಬದಲಾಗಲಿಲ್ಲ, ಅಥವಾ ಈ ಅಳತೆಯಿಂದ ಹೇಳಲಾಗದು. ಆಮೇಲೆ ಯಾವ ಮೆಟ್ಟಿಲಲ್ಲಿ ನಿಂತಿತು ಅಂತ. ಕಲಿತಿಲ್ಲ ಅಂದರೆ ಪಾಠ ಬದಲಿಸಿ. ಕಲಿತರೂ ಮಾಡಿಲ್ಲ ಅಂದರೆ ಅಡ್ಡಿ ತೆಗೆಯಿರಿ: ಅಯೋಡಿನ್ ಸ್ಟಾಕ್, ಒಳ್ಳೆಯ ಹಾಲಿಗೆ ಲೀಟರಿಗೆ ಒಂದಿಷ್ಟು ಪೈಸೆ ಜಾಸ್ತಿ. ಮಾಡಿದರೂ ಹಾಲು ಸುಧಾರಿಸಿಲ್ಲ ಅಂದರೆ ಕೊಟ್ಟಿಗೆಯಾಚೆ ನೋಡಿ. ಕ್ಯಾನು ಸರಿಯಾಗಿ ತೊಳೆಯುತ್ತಿಲ್ಲವೋ, ಗಾಡಿ ತಡವೋ, ಬಿಎಂಸಿಗೆ ಜನರೇಟರ್ ಇಲ್ಲವೋ. ಯಾವುದೇ ಕಾರಣಕ್ಕೂ ತರಬೇತಿ ಕೊಟ್ಟವರ ಕೈಯಲ್ಲೇ ಈ ವರದಿ ಬರೆಸಬೇಡಿ. ಅವರು ಕೆಟ್ಟವರು ಅಂತಲ್ಲ, ತಮ್ಮ ಕೆಲಸಕ್ಕೆ ತಾವೇ ಅಂಕ ಹಾಕುವ ಪೇಚಿಗೆ ಅವರನ್ನು ಸಿಕ್ಕಿಸಬಾರದು. ಇನ್ನೊಂದು ಒಕ್ಕೂಟದ ವಿಸ್ತರಣಾಧಿಕಾರಿಯನ್ನು ಕರೆಸಿ, ಅವರ ಊರಿಗೆ ನಿಮ್ಮವರು ಹೋಗಲಿ. ಖರ್ಚು ಬಸ್ ಚಾರ್ಜು ಮಾತ್ರ.

ಎಷ್ಟು ದಿನ ಹಿಂಬಾಲಿಸಬೇಕು? ಇದಕ್ಕೆ ನಮ್ಮಲ್ಲೇ ಒಳ್ಳೆಯ ಮಾದರಿ ಇದೆ. 1982ರಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಉಜಿರೆಯಲ್ಲಿ ಶುರುಮಾಡಿದ ರುಡ್‌ಸೆಟಿ ಎಂಬ ಸ್ವಂತ ಉದ್ಯೋಗದ ತರಬೇತಿ ಸಂಸ್ಥೆಯಲ್ಲಿ ತರಬೇತಿ ನಡೆಯುವುದು ಕೆಲವೇ ವಾರ, ಆದರೆ ಕಲಿತು ಹೋದವರ ಬೆನ್ನು ಹಿಡಿಯುವುದು ಎರಡು ವರ್ಷ. ಅವರು ಎಣಿಸುವುದು ಎಷ್ಟು ಜನ ಬಂದರು ಅಂತಲ್ಲ, ಎಷ್ಟು ಜನ ಸ್ವಂತ ಉದ್ಯೋಗದಲ್ಲಿ ನೆಲೆನಿಂತರು ಅಂತ. ಆ ಮಾದರಿಯನ್ನೇ ಮುಂದೆ ಆರ್‌ಸೆಟಿ ಅಂತ ದೇಶದ ಬೇರೆ ಜಿಲ್ಲೆಗಳಿಗೂ ಒಯ್ದರು.

ಹಾಲಿನ ತರಬೇತಿಗೆ ಎರಡು ವರ್ಷ ಬೇಡ, ಒಂದು ಪೂರ್ತಿ ವರ್ಷ ಸಾಕು, ಅಷ್ಟರಲ್ಲಿ ಬೇಸಿಗೆ, ಮಳೆಗಾಲ, ಚಳಿ ಮೂರೂ ಬಂದುಹೋಗುತ್ತವೆ. ಹನ್ನೆರಡನೇ ತಿಂಗಳಲ್ಲಿ ಅದೇ ಇಪ್ಪತ್ತು ಮನೆ, ಅದೇ ಹತ್ತು ಸಾಲಿನ ಪಟ್ಟಿ. ಶುರುವಿಗೆ ಮಾಡುತ್ತಿದ್ದವರಲ್ಲಿ ಅರ್ಧ ಜನ ಬಿಟ್ಟಿದ್ದರೆ ಮತ್ತೆ ಇಡೀ ದಿನದ ತರಬೇತಿ ಇಡಬೇಡಿ. ಡೈರಿಯಲ್ಲಿ ಹಾಲು ಹಾಕಲು ಸಾಲು ನಿಂತಾಗ ಹತ್ತು ನಿಮಿಷ, ತೊಟ್ಟು ಅದ್ದುವ ಬಟ್ಟಲು ಕೈಯಲ್ಲಿ ಹಿಡಿದು ಮಾತಾಡಿದರೆ ಸಾಕು. ಸಾಲಿನಲ್ಲಿ ನಿಂತವರಲ್ಲಿ ಹಾಲು ಕರೆಯುವವರು ಎಷ್ಟು ಜನ ಅಂತ ಮಾತ್ರ ಮೊದಲೇ ಎಣಿಸಿಕೊಳ್ಳಿ. ಹಾಲು ತರುವುದು ಮಕ್ಕಳಾಗಿದ್ದರೆ ಸಂಜೆ ಮನೆಗೇ ಹೋಗಬೇಕಾಗುತ್ತದೆ.